ತಾಲ್ಲೂಕು ಆಸ್ಪತ್ರೆಯನ್ನು ಬಳಸಿಕೊಳ್ಳುವ ಮತ್ತು ಬಲಪಡಿಸುವ ಬಗೆ

ಕರ್ನಾಟಕದ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಸಾರ್ವಜನಿಕ ಆಸ್ಪತ್ರೆ ಇರುತ್ತದೆ. ಸುತ್ತಲಿನ ಹಳ್ಳಿಗಳವರು ಅದನ್ನು ದೊಡ್ಡಾಸ್ಪತ್ರೆ ಎಂದೇ ಕರೆಯುತ್ತಾರೆ. ನಿಯಮದಂತೆ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಇವೆಲ್ಲವುಗಳಿಂದ ಮುಂದಕ್ಕೆ ಕಳುಹಿಸಿದ ರೋಗಿಗಳು ಬಂದು ಸೇರುವುದು ಸಾಮಾನ್ಯವಾಗಿ 100 ಹಾಸಿಗೆಗಳಿರುವ ಈ ತಾಲ್ಲೂಕು ಆಸ್ಪತ್ರೆಗೆ. ಬಡ ಕುಟುಂಬವೊಂದಕ್ಕೆ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಶಸ್ತ್ರಚಿಕಿತ್ಸಕರು ಮೊದಲ ಬಾರಿಗೆ ಎದುರಾಗುವುದು ಇಲ್ಲಿಯೇ. ಹೀಗಿದ್ದರೂ ತಮ್ಮ ಆಸ್ಪತ್ರೆಯಲ್ಲಿ ಏನಿದೆ, ಏನಿಲ್ಲ ಎಂಬುದು ಊರಿನ ಬಹುತೇಕರಿಗೆ ತಿಳಿಯುವುದು ಅವಘಡ ನಡೆದ ರಾತ್ರಿಯೇ. ಅಷ್ಟು ಹೊತ್ತಿಗೆ ತಿಳಿದು ಪ್ರಯೋಜನವಿಲ್ಲ. ರೋಗಿಗಳ ಮನೆಯವರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಸ್ವಸಹಾಯ ಸಂಘಗಳವರಿಗೆ ಮತ್ತು ಯುವಕ ಮಂಡಳಿಗಳಿಗೆ ಮುಂಚಿತವಾಗಿಯೇ ಉಪಯೋಗಕ್ಕೆ ಬರಲೆಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಕಾಯಿಲೆ ಇಲ್ಲದ ದಿನ ಒಮ್ಮೆ ಹೋಗಿ ಬನ್ನಿ

ಯಾರಿಗೂ ಕಾಯಿಲೆಯಿಲ್ಲದ ಒಂದು ದಿನ, ಹೊರರೋಗಿಗಳ ನೂಕುನುಗ್ಗಲು ಕಡಿಮೆಯಾದ ಮೇಲೆ, ಆಸ್ಪತ್ರೆಗೆ ಹೋಗಿ ಅಲ್ಲಿ ತೂಗುಹಾಕಿರುವ ನಾಗರಿಕ ಸನ್ನದಿನ ಫಲಕವನ್ನು ಪೂರ್ತಿಯಾಗಿ ಓದಬೇಕು. ಯಾವ ಸೇವೆ ಉಚಿತ, ಯಾವುದಕ್ಕೆ ಎಷ್ಟು ಶುಲ್ಕ, ಯಾವ ತಜ್ಞರು ಯಾವ ದಿನ ಇರುತ್ತಾರೆ ಎಂಬುದು ಅದರಲ್ಲಿರುತ್ತದೆ. ಫಲಕದಲ್ಲಿ ಇರದ ಕೆಲವು ವಿಷಯಗಳನ್ನು ಶುಶ್ರೂಷಾಧಿಕಾರಿಗಳ ಬಳಿ ವಿನಯದಿಂದ ಕೇಳಿ ತಿಳಿದುಕೊಳ್ಳಬೇಕು: ರಾತ್ರಿ ಹೊತ್ತು ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಆಗುತ್ತದೆಯೇ, ರಕ್ತ ಶೇಖರಣಾ ಘಟಕ ಕೆಲಸ ಮಾಡುತ್ತಿದೆಯೇ, ಡಯಾಲಿಸಿಸ್ ಯಂತ್ರಗಳು ಎಷ್ಟಿವೆ, ಆಗತಾನೆ ಹುಟ್ಟಿದ ಅಶಕ್ತ ಶಿಶುವನ್ನು ಇಟ್ಟುಕೊಳ್ಳುವ ವ್ಯವಸ್ಥೆ ಇದೆಯೇ.

ಇವೆಲ್ಲಕ್ಕಿಂತ ಮುಖ್ಯವಾಗಿ ಅರಿವಳಿಕೆ ತಜ್ಞರು ಇದ್ದಾರೆಯೇ ಎಂದು ವಿಚಾರಿಸಬೇಕು. ಊರಿನವರು ಸಾಮಾನ್ಯವಾಗಿ ಕೇಳುವುದು ಹೆರಿಗೆ ವೈದ್ಯರನ್ನು ಮಾತ್ರ. ಆದರೆ ನುರಿತ ಹೆರಿಗೆ ತಜ್ಞರಿದ್ದರೂ ಅರಿವಳಿಕೆ ಕೊಡುವವರು ರಜೆಯಲ್ಲಿದ್ದರೆ ಆ ರಾತ್ರಿ ಸಿಸೇರಿಯನ್ ನಡೆಯುವುದಿಲ್ಲ, ತುಂಬು ಗರ್ಭಿಣಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸದೆ ಬೇರೆ ದಾರಿಯಿರುವುದಿಲ್ಲ.

ಯಾರ ಹೊಣೆ ಯಾವುದು ಎಂಬುದನ್ನೂ ತಿಳಿದಿರಬೇಕು. ಆಸ್ಪತ್ರೆಯ ಒಳಗಿನ ವ್ಯವಸ್ಥೆಗೆ ಆಡಳಿತ ವೈದ್ಯಾಧಿಕಾರಿಗಳು ಹೊಣೆಗಾರರು. ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಲಸಿಕೆ, ರೋಗ ನಿಯಂತ್ರಣ, ಆಶಾ ಕಾರ್ಯಕರ್ತೆಯರ ಮೇಲುಸ್ತುವಾರಿ ಇವು ತಾಲ್ಲೂಕು ಆರೋಗ್ಯಾಧಿಕಾರಿಗಳ ಕೆಲಸ. ಈ ಇಬ್ಬರನ್ನು ಒಬ್ಬರೆಂದು ಭಾವಿಸಿ ತಪ್ಪು ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವವರು ಬಹಳ ಮಂದಿ ಇದ್ದಾರೆ.

ಹೊರರೋಗಿಯಾಗಿ ಹೋಗುವಾಗ

ಸಂತೆಯ ದಿನ ಮತ್ತು ಸೋಮವಾರ ಹೊರರೋಗಿ ವಿಭಾಗದಲ್ಲಿ ಜನ ಕಿಕ್ಕಿರಿದಿರುತ್ತಾರೆ. ತುರ್ತಿಲ್ಲದ ಮೊಣಕಾಲು ನೋವು, ಹಳೆಯ ಚರ್ಮದ ಕಾಯಿಲೆ, ಸಕ್ಕರೆ ಕಾಯಿಲೆಯ ಮಾತ್ರೆ ಇಂಥವಕ್ಕೆ ವಾರದ ನಡುವಿನ ದಿನವನ್ನು ಆರಿಸಿಕೊಂಡರೆ ವೈದ್ಯರು ನಿಮ್ಮ ಮಾತನ್ನು ಕೇಳುವ ಹೊತ್ತು ಹೆಚ್ಚಾಗುತ್ತದೆ. ಹಳೆಯ ಚೀಟಿಗಳು, ಪರೀಕ್ಷಾ ವರದಿಗಳು ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಹಾಳೆಯನ್ನೇ ಜೊತೆಗೆ ಒಯ್ಯಬೇಕು. "ಬಿಳಿ ಮಾತ್ರೆ, ದಿನಕ್ಕೆ ಎರಡು" ಎಂದರೆ ಯಾವ ವೈದ್ಯರಿಗೂ ತಿಳಿಯುವುದಿಲ್ಲ. 14 ಅಂಕಿಗಳ ಆಭಾ ಸಂಖ್ಯೆ (ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) ಮಾಡಿಸಿಕೊಂಡಿದ್ದರೆ, ಆ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮೊಬೈಲ್‌ನಿಂದ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು, ಚೀಟಿಯ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

30 ವರ್ಷ ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆ ಪ್ರಮಾಣವನ್ನು ಅಸಾಂಕ್ರಾಮಿಕ (ಒಬ್ಬರಿಂದೊಬ್ಬರಿಗೆ ಹರಡದ) ರೋಗಗಳ ಕೊಠಡಿಯಲ್ಲಿ ಉಚಿತವಾಗಿ ತೋರಿಸಿಕೊಳ್ಳಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯೂ ಕ್ಷಯವೆಂದು ತಿಳಿದರೆ ಔಷಧವೂ ಉಚಿತ. ರೋಗಿಯ ಖಾತೆಗೆ ಪೌಷ್ಟಿಕ ಆಹಾರಕ್ಕಾಗಿ ಬರುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಲಾಗಿದೆ. ವೈದ್ಯರು ಹೊರಗಿನ ಅಂಗಡಿಗೆ ಔಷಧ ಬರೆದುಕೊಟ್ಟರೆ, ಅದೇ ಔಷಧ ಆಸ್ಪತ್ರೆಯ ಔಷಧಾಲಯದಲ್ಲಿ ಅಥವಾ ಹತ್ತಿರದ ಜನೌಷಧಿ ಕೇಂದ್ರದಲ್ಲಿ ಇದೆಯೇ ಎಂದು ಮೊದಲು ವಿಚಾರಿಸಬೇಕು.

ಹಾವು ಕಡಿತ, ನಾಯಿ ಕಡಿತ, ಎದೆನೋವು

ತಾಲ್ಲೂಕು ಆಸ್ಪತ್ರೆಯ ನಿಜವಾದ ಬೆಲೆ ತಿಳಿಯುವುದು ಈ ಮೂರು ಸಂದರ್ಭಗಳಲ್ಲಿ. ಹಾವು ಕಡಿತ ಮತ್ತು ಎದೆನೋವಿನಲ್ಲಿ ರೋಗಿ ಬದುಕುವುದೂ ಬದುಕದಿರುವುದೂ ಬಹುಮಟ್ಟಿಗೆ ಮೊದಲ ಒಂದೆರಡು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ದೂರದ ದೊಡ್ಡ ನಗರದ ಆಸ್ಪತ್ರೆಯನ್ನು ತಲುಪುವಷ್ಟರಲ್ಲಿ ಆ ಹೊತ್ತು ಮೀರಿಹೋಗಿರುತ್ತದೆ.

ಹಾವು ಕಡಿದವರಿಗೆ ಹಗ್ಗ ಬಿಗಿಯಬಾರದು, ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ನಾಟಿ ಔಷಧದವರ ಮನೆಗೆ ಮೊದಲು ಒಯ್ಯಬಾರದು. ಕಡಿತಕ್ಕೊಳಗಾದ ಕೈ ಅಥವಾ ಕಾಲು ಅಲುಗಾಡದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಕಡಿದ ಗಂಟೆಯನ್ನು ಬರೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ, ಏಕೆಂದರೆ ನಮ್ಮಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುತ್ತದೆ. ಕಟ್ಟುಹಾವು ಕಡಿದಾಗ ನೋವೂ ಬಾವೂ ಬಹಳ ಕಡಿಮೆ. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ಸ್ವಲ್ಪ ಹೊತ್ತಿನಲ್ಲಿ ಕಣ್ಣರೆಪ್ಪೆ ಎತ್ತಲಾಗದೆ, ಮಾತು ತೊದಲತೊಡಗಿದರೆ ಗಾಯ ಕಾಣದಿದ್ದರೂ ಹಾವಿನ ಸಂಶಯ ಪಡಬೇಕು.

ಆಸ್ಪತ್ರೆಯಲ್ಲಿ ನಡೆಯುವ ಒಂದು ಸರಳ ಪರೀಕ್ಷೆಯನ್ನು ಮನೆಯವರು ಮೊದಲೇ ಅರಿತಿರುವುದು ಒಳ್ಳೆಯದು. ರೋಗಿಯ ರಕ್ತನಾಳದಿಂದ ಎರಡು ಮಿಲಿ ಲೀಟರ್‌ನಷ್ಟು ರಕ್ತ ತೆಗೆದು, ಒಣಗಿದ ಶುಚಿಯಾದ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ನಳಿಕೆಯನ್ನು ಒಮ್ಮೆ ಬಾಗಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳದಲ್ಲಿ ನಿಂತಿದ್ದರೆ ಸದ್ಯಕ್ಕೆ ರಕ್ತಕ್ಕೆ ವಿಷದ ತೊಂದರೆ ಆಗಿಲ್ಲವೆಂದು ತಿಳಿಯಬಹುದು. ನೀರಿನಂತೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿದೆ ಎಂದು ಅರ್ಥ, ಕೂಡಲೇ ಪ್ರತಿವಿಷ ಆರಂಭಿಸುತ್ತಾರೆ. ಪ್ಲಾಸ್ಟಿಕ್ ನಳಿಕೆಯಲ್ಲಾಗಲಿ ಸೋಪಿನಿಂದ ತೊಳೆದ ನಳಿಕೆಯಲ್ಲಾಗಲಿ ಈ ಪರೀಕ್ಷೆ ಸರಿಯಾದ ಉತ್ತರ ಕೊಡುವುದಿಲ್ಲ. ಈ 20 ನಿಮಿಷಗಳ ಕಾಯುವಿಕೆಯನ್ನು ಕಂಡು "ಡಾಕ್ಟರು ಏನೂ ಮಾಡದೆ ಸುಮ್ಮನಿದ್ದಾರೆ" ಎಂದು ಮನೆಯವರು ಕೂಗಾಡುವುದುಂಟು. ಅದು ಸುಮ್ಮನಿರುವ ಹೊತ್ತಲ್ಲ, ಚಿಕಿತ್ಸೆಯ ಒಂದು ಭಾಗ. ಫಲಿತಾಂಶ ಸಹಜವಾಗಿದ್ದರೂ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುವುದರಿಂದ, ರೋಗಿ ಚೆನ್ನಾಗಿಯೇ ಇದ್ದಾರೆಂದು ಹಠ ಹಿಡಿದು 24 ಗಂಟೆಗಳಿಗೆ ಮೊದಲೇ ಮನೆಗೆ ಕರೆದೊಯ್ಯಬಾರದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆದ್ದರಿಂದ ಚಿಕಿತ್ಸೆ ಪಡೆದವರು ತಮ್ಮ ಪ್ರಕರಣ ದಾಖಲಾಗಿದೆಯೇ ಎಂದು ಕೇಳುವುದು ಸರಿಯಾದ ನಡೆ. ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕೆಂಬ ಲೆಕ್ಕಕ್ಕೆ ಇಂತಹ ದಾಖಲೆಗಳೇ ಆಧಾರ.

ನಾಯಿ ಕಡಿದಾಗ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಹಾಕಿಸಬೇಕು. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದ ಗಾಯವಾಗಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕು. ಅದನ್ನು ಕೇಳಿ ಪಡೆಯಬೇಕು. ಮೂರನೇ ಚುಚ್ಚುಮದ್ದಿನ ನಂತರ ಗಾಯ ಮಾಗಿತೆಂದು 28ನೇ ದಿನದ್ದನ್ನು ಬಿಟ್ಟುಬಿಡುವವರು ಹೆಚ್ಚು. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಚಿಕಿತ್ಸೆಯಿಲ್ಲ.

ಎದೆನೋವಿನ ವಿಷಯದಲ್ಲಿ ಇತ್ತೀಚೆಗೆ ಬಂದಿರುವ ಬದಲಾವಣೆ ದೊಡ್ಡದು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಸಲಹೆ ನೀಡುತ್ತಾರೆ. ಹೃದಯಾಘಾತ ಖಚಿತವಾದರೆ, ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಮುಂದಿನ ಚಿಕಿತ್ಸೆಗೆ ಕಳುಹಿಸುತ್ತಾರೆ. ಆದ್ದರಿಂದ ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದಾಗ, ಅಸಿಡಿಟಿ ಇರಬಹುದೆಂದು ಬೆಳಗಿನವರೆಗೆ ಕಾಯುವುದೂ ತಪ್ಪು, ಕಾರು ಮಾಡಿಕೊಂಡು ನೇರ ಬೆಂಗಳೂರಿಗೋ ಮಂಗಳೂರಿಗೋ ಹೊರಡುವುದೂ ತಪ್ಪು. ಮೊದಲು ಇಸಿಜಿ ಇರುವ ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರೂ ಆಸ್ಪತ್ರೆಯವರೂ ತಡೆದು ನಿಲ್ಲಿಸುವಂತಿಲ್ಲ. ಕರ್ನಾಟಕದ 2016ರ ಕಾಯಿದೆಯೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ ಹೀಗೆ ನೆರವಾದವರಿಗೆ ರಕ್ಷಣೆ ಕೊಡುತ್ತವೆ. ಈ ಮಾತನ್ನು ಆಟೋ ನಿಲ್ದಾಣಗಳಲ್ಲಿ, ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಬರೆದು ಹಾಕಬೇಕು.

ಹೆರಿಗೆಗೆ ಮೊದಲೇ ಸಿದ್ಧತೆ

ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ತಜ್ಞರಿಂದ ವಿಶೇಷ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯ ಜೊತೆ ತಾಯಿ ಕಾರ್ಡ್ ಹಿಡಿದು ಒಮ್ಮೆಯಾದರೂ ಆ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದರೆ, ಹೆರಿಗೆ ಅಲ್ಲಿಯೇ ಆಗಬಹುದೇ ಅಥವಾ ಮೊದಲೇ ಜಿಲ್ಲಾ ಆಸ್ಪತ್ರೆಯ ಹತ್ತಿರ ಹೋಗಿರಬೇಕೇ ಎಂಬುದು ತಿಳಿಯುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ಅದು ತೀವ್ರ ಸ್ಥಿತಿ. ಎಂಟನೇ ತಿಂಗಳಿನಲ್ಲಿ ತಿಳಿದರೆ ಸರಿಪಡಿಸಲು ಕಾಲವಿರುವುದಿಲ್ಲ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ ಮತ್ತು ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ ತಾಯಿಗೆ ಊಟವನ್ನೂ ಕೊಡಬೇಕು, ಮನೆಗೆ ಬಿಟ್ಟುಬರುವ ವಾಹನವನ್ನೂ ಒದಗಿಸಬೇಕು. ಮಗು ಹುಟ್ಟಿದ ಸಂತೋಷಕ್ಕೆಂದು ವಾರ್ಡಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. ಒಬ್ಬರು ಕೊಟ್ಟರೆ ಪಕ್ಕದ ಹಾಸಿಗೆಯ ಬಡ ಬಾಣಂತಿಯೂ ಸಾಲ ಮಾಡಿ ಕೊಡಬೇಕಾಗುತ್ತದೆ. ಮಗುವಿನ ಜನನ ನೋಂದಣಿಯಾಗಿದೆಯೇ ಎಂದು ಬಿಡುಗಡೆಗೆ ಮೊದಲೇ ಕೇಳಿ, ತಂದೆ ತಾಯಿಯ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು.

ಬೇರೆ ಆಸ್ಪತ್ರೆಗೆ ಕಳುಹಿಸಿದಾಗ

ರೆಫರ್ ಮಾಡಿದರೆಂದು ಸಿಟ್ಟಾಗುವುದಕ್ಕಿಂತ, ಸರಿಯಾಗಿ ರೆಫರ್ ಮಾಡಿಸಿಕೊಳ್ಳುವುದು ಹೇಗೆಂದು ಕಲಿಯುವುದು ಉಪಯುಕ್ತ. ರೋಗವೇನು, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟರು, ಯಾವ ಪರೀಕ್ಷೆಗಳಾದವು, ಯಾವ ಕಾರಣಕ್ಕೆ ಕಳುಹಿಸುತ್ತಿದ್ದಾರೆ ಎಂಬ ನಾಲ್ಕು ವಿಷಯಗಳಿಲ್ಲದ ಚೀಟಿ ಹಿಡಿದು ಹೊರಡಬಾರದು. ಹೋಗಬೇಕಾದ ಆಸ್ಪತ್ರೆಗೆ ದೂರವಾಣಿ ಮಾಡಿ ಹಾಸಿಗೆ, ವೆಂಟಿಲೇಟರ್ ಮತ್ತು ತಜ್ಞರು ಇದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಡಿ ಎಂದು ಕರ್ತವ್ಯದಲ್ಲಿರುವ ವೈದ್ಯರನ್ನು ಕೋರಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಲೂ 108 ಆಂಬುಲೆನ್ಸ್ ಬರುತ್ತದೆ. ಆಮ್ಲಜನಕವೂ ತರಬೇತಿ ಪಡೆದ ಸಿಬ್ಬಂದಿಯೂ ಇಲ್ಲದ ಖಾಸಗಿ ವ್ಯಾನಿಗಿಂತ ಅದು ಮೇಲು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ; ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತಲ್ಲದ ಉನ್ನತ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಬೇಡ. ಈ ಯೋಜನೆಯ ಮಾಹಿತಿ ಕೊಡಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಹೊರಡುವ ಮೊದಲೇ ಕಂಡು, ಹೋಗುವ ಆಸ್ಪತ್ರೆ ಯೋಜನೆಯಡಿ ನೋಂದಾಯಿತವೇ ಎಂದು ಕೇಳಿದರೆ ಮುಂದೆ ಒಡವೆ ಅಡವಿಡುವ ಪ್ರಸಂಗ ತಪ್ಪಬಹುದು.

ರೆಫರಲ್‌ನ ಹಾದಿ ಎಷ್ಟು ಉದ್ದವೆಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಉತ್ತರ ಕನ್ನಡದ ಕರಾವಳಿಯ ತಾಲ್ಲೂಕುಗಳವರು ಗಂಭೀರ ಕಾಯಿಲೆಗೆ ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗುವುದು ಬಹುಕಾಲದಿಂದ ನಡೆದುಬಂದಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮೃತಪಟ್ಟ ಮೇಲೆ, ಜಿಲ್ಲೆಯಲ್ಲಿಯೇ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಇನ್ನಷ್ಟು ಗಟ್ಟಿಯಾಯಿತು. ಆ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೇ, ಈಗಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಖಾಲಿಯಿರುವ ತಜ್ಞರ ಹುದ್ದೆಗಳನ್ನು ತುಂಬಿಸಿಕೊಂಡರೆ ಎಷ್ಟೋ ರೋಗಿಗಳು ಆ ಹೆದ್ದಾರಿಯನ್ನು ಹತ್ತಬೇಕಾಗಿಯೇ ಇಲ್ಲ.

ರಕ್ತದ ಸಂಗ್ರಹ ಊರಿನ ಕೈಯಲ್ಲಿದೆ

ತಾಲ್ಲೂಕು ಆಸ್ಪತ್ರೆಯ ರಕ್ತ ಶೇಖರಣಾ ಘಟಕವು ರಕ್ತವನ್ನು ದಾನಿಗಳಿಂದ ತಾನೇ ಸಂಗ್ರಹಿಸುವುದಿಲ್ಲ. ಪರವಾನಗಿ ಪಡೆದ ರಕ್ತನಿಧಿಯಿಂದ ತಂದು, 2ರಿಂದ 6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕಾಪಿಡುತ್ತದೆ. ಕೆಂಪು ರಕ್ತಕಣಗಳು ಹೀಗೆ ಉಳಿಯುವುದು ಹೆಚ್ಚೆಂದರೆ 35ರಿಂದ 42 ದಿನ. ಹೀಗಿರುವಾಗ ಆಗಸ್ಟ್ 15ರಂದು ಒಂದೇ ಬಾರಿ ನೂರಾರು ಜನ ರಕ್ತ ಕೊಟ್ಟು ಉಳಿದ ತಿಂಗಳು ಸುಮ್ಮನಿದ್ದರೆ, ಅಕ್ಟೋಬರಿನಲ್ಲಿ ಹೆರಿಗೆಯ ರಕ್ತಸ್ರಾವವಾದ ತಾಯಿಗೆ ಅದರಿಂದ ಪ್ರಯೋಜನವಾಗುವುದಿಲ್ಲ. ಯುವಕ ಮಂಡಳಿಗಳು, ಕಾಲೇಜುಗಳು, ಮಠ ಮಸೀದಿ ಚರ್ಚುಗಳು ತಮ್ಮ ತಮ್ಮೊಳಗೆ ತಿಂಗಳುಗಳನ್ನು ಹಂಚಿಕೊಂಡು, ಜಿಲ್ಲಾ ರಕ್ತನಿಧಿಯ ಜೊತೆ ಮಾತನಾಡಿ, ವರ್ಷವಿಡೀ ಚಿಕ್ಕ ಚಿಕ್ಕ ಶಿಬಿರಗಳನ್ನು ಮಾಡಬೇಕು. ಕಾಲೇಜುಗಳಿಗೆ ರಜೆಯಿರುವ ಏಪ್ರಿಲ್ ಮೇ ತಿಂಗಳನ್ನು ಮರೆಯಬಾರದು. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು.

ಆರೋಗ್ಯ ರಕ್ಷಾ ಸಮಿತಿಯ ಬಾಗಿಲು ತಟ್ಟುವುದು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿ ಕಲ್ಯಾಣ ಸಮಿತಿಗಳು ಬಂದವು. ನಮ್ಮ ರಾಜ್ಯದಲ್ಲಿ ಅವುಗಳ ಹೆಸರು ಆರೋಗ್ಯ ರಕ್ಷಾ ಸಮಿತಿ. ತಾಲ್ಲೂಕು ಆಸ್ಪತ್ರೆಯ ಸಮಿತಿಯ ಸಭೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಊರಿನ ಪ್ರತಿನಿಧಿಗಳೂ ಅದರಲ್ಲಿ ಸದಸ್ಯರಾಗಿರುತ್ತಾರೆ. ಕೆಟ್ಟ ಜನರೇಟರ್, ಸೋರುವ ವಾರ್ಡು, ಕುಡಿಯುವ ನೀರು, ಶೌಚಾಲಯದ ಶುಚಿತ್ವ ಇಂಥವುಗಳಿಗೆ ಬೆಂಗಳೂರಿನ ಆದೇಶಕ್ಕೆ ಕಾಯದೆ ಹಣ ಬಳಸುವ ಅಧಿಕಾರ ಈ ಸಮಿತಿಗಿದೆ.

ಆ ಹಣ ಬರುವ ದಾರಿಗಳಲ್ಲಿ ಒಂದನ್ನು ಪ್ರತಿ ಕುಟುಂಬವೂ ಅರಿತಿರಬೇಕು. ಆರೋಗ್ಯ ಕರ್ನಾಟಕ ಯೋಜನೆಯಡಿ ಸರ್ಕಾರಿ ಆಸ್ಪತ್ರೆ ನೀಡಿದ ಚಿಕಿತ್ಸೆಗೂ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ಪಾವತಿಸುತ್ತದೆ, ಅದು ಆಸ್ಪತ್ರೆಯ ಸಮಿತಿಯ ಖಾತೆಗೆ ಸೇರುತ್ತದೆ. ದಾಖಲಾಗುವಾಗ "ಇಲ್ಲಿ ಹೇಗೂ ಉಚಿತವಲ್ಲವೇ" ಎಂದು ಪಡಿತರ ಚೀಟಿ ಮತ್ತು ಆಧಾರ್ ಕೊಡದೆ ಹೋದರೆ ರೋಗಿಗೆ ನಷ್ಟವಿಲ್ಲ, ಆಸ್ಪತ್ರೆಗೆ ಬರಬೇಕಾದ ಹಣ ಬರುವುದಿಲ್ಲ. ಮನೆಯಿಂದ ಹೊರಡುವಾಗ ಆ ಎರಡು ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುವುದು ಊರಿನ ಆಸ್ಪತ್ರೆಗೆ ಮಾಡುವ ಅತ್ಯಂತ ಸುಲಭದ ಸಹಾಯ.

ಸಮಿತಿಯ ಸಭೆಗೆ ವಿಷಯ ಒಯ್ಯಬೇಕಾದರೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. "ಆಸ್ಪತ್ರೆ ಸರಿಯಿಲ್ಲ" ಎಂಬ ಅರ್ಜಿಗೆ ಉತ್ತರ ಬರುವುದಿಲ್ಲ. "ಹೆರಿಗೆ ವಾರ್ಡಿನ ಬಿಸಿನೀರಿನ ವ್ಯವಸ್ಥೆ ಕೆಟ್ಟಿದೆ, ಇಂಥ ದಿನ ನೋಡಿದೆವು, ದುರಸ್ತಿಗೆ ಸಮಿತಿಯ ನಿಧಿಯಿಂದ ಅನುಮತಿ ನೀಡಬೇಕು" ಎಂದು ಬರೆದರೆ ಅದನ್ನು ಸಭೆಯ ಮುಂದೆ ಇಡದೆ ವಿಧಿಯಿಲ್ಲ. ಆಡಳಿತ ವೈದ್ಯಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಪ್ರತಿಯನ್ನು ಶಾಸಕರ ಕಚೇರಿಗೂ ಕೊಡಬೇಕು. ಸಭೆ ಯಾವಾಗ ನಡೆಯಿತು, ಏನು ತೀರ್ಮಾನವಾಯಿತು, ಎಷ್ಟು ಖರ್ಚಾಯಿತು ಎಂಬುದನ್ನು ಹೇಳಲು ಹಿಂಜರಿದರೆ, ಮಾಹಿತಿ ಹಕ್ಕು ಕಾಯಿದೆಯಡಿ ನಡಾವಳಿಯ ಪ್ರತಿ ಕೇಳಬಹುದು. 30 ದಿನಗಳೊಳಗೆ ಕೊಡಬೇಕು. ಲಂಚದ ದೂರನ್ನು ಲೋಕಾಯುಕ್ತಕ್ಕೆ ಕೊಡಬಹುದು. ಎಷ್ಟೇ ಸಂಕಟವಾದರೂ ವೈದ್ಯರ, ದಾದಿಯರ ಮೇಲೆ ಕೈ ಮಾಡುವುದು ಮಾತ್ರ ಸಲ್ಲದು. ಅದು 2009ರ ರಾಜ್ಯ ಕಾಯಿದೆಯಂತೆ ಜೈಲು ಶಿಕ್ಷೆಯ ಅಪರಾಧ, ಮತ್ತು ಒಂದು ಹಲ್ಲೆ ನಡೆದ ಊರಿಗೆ ವರ್ಗವಾಗಿ ಬರಲು ಆಮೇಲೆ ತಜ್ಞರು ಒಪ್ಪುವುದಿಲ್ಲ.

ಖಾಲಿ ಹುದ್ದೆಗಳ ವಿಷಯವನ್ನು ಕೈಗೆತ್ತಿಕೊಳ್ಳುವವರು ಮೊದಲು ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು. ಓದು ಮುಗಿಸಿದ ಮೇಲಿನ ಕಡ್ಡಾಯ ಸರ್ಕಾರಿ ಸೇವೆಯ ಮೇಲೆ ಬಂದ ಯುವ ವೈದ್ಯರು ಅವಧಿ ಮುಗಿದ ಕೂಡಲೇ ಹೋಗುವುದರಿಂದ, ಯಾರ ಅವಧಿ ಯಾವ ತಿಂಗಳು ಮುಗಿಯುತ್ತದೆ ಎಂದು ತಿಳಿದು, ಹುದ್ದೆ ಖಾಲಿಯಾಗುವ ಎರಡು ಮೂರು ತಿಂಗಳು ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಆರೋಗ್ಯ ಇಲಾಖೆಯ ಆಯುಕ್ತರಿಗೂ ಬರೆಯಬೇಕು. ಗುತ್ತಿಗೆಯ ಮೇಲೆ ಅರಿವಳಿಕೆ ತಜ್ಞರನ್ನು ಕರೆಸಿಕೊಳ್ಳುವ ಪ್ರಸ್ತಾವವನ್ನು ಅದೇ ಪತ್ರದಲ್ಲಿ ಇಡಬಹುದು. ವೈದ್ಯರ ವಸತಿಗೃಹದಲ್ಲಿ ನೀರು, ವಿದ್ಯುತ್, ಬಾಗಿಲು ಕಿಟಕಿಗಳು ಸರಿಯಾಗಿವೆಯೇ ಎಂದು ಊರಿನವರು ನೋಡಿ, ಇಲ್ಲದಿದ್ದರೆ ಸಮಿತಿಯಿಂದ ಸರಿಪಡಿಸಿಸಿ, ಹೊಸದಾಗಿ ಬಂದವರನ್ನು ಪಂಚಾಯಿತಿ ಸದಸ್ಯರು ಮೊದಲ ವಾರದಲ್ಲಿಯೇ ಹೋಗಿ ಕಂಡು, ಮಕ್ಕಳ ಶಾಲೆಗೆ, ಬಾಡಿಗೆ ಮನೆಗೆ ಏನು ನೆರವು ಬೇಕೆಂದು ಕೇಳಬೇಕು.